ಒಂದೇ ಕಾಲಕ್ಕೆ ಮೂರು ಸೆಟ್: ತೆಂಗಿನ ಸೀಮೆಯ ಕಾರ್ಡ್ ಸಂಗ್ರಹಕಾರರಿಗೆ ಯಶಸ್ಸಿನ ಸೂತ್ರಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ 1990ರ ದಶಕದಲ್ಲಿ ಶಾಲೆಗೆ ಹೋದವರಿಗೆ ಕ್ರಿಕೆಟ್ ಕಾರ್ಡು ಹೊಸದೇನಲ್ಲ. ಬಿಗ್ ಫನ್ ಬಬಲ್ ಗಮ್ ಜೊತೆ ಬರುತ್ತಿದ್ದ ಆಟಗಾರರ ಚಿತ್ರ, ಶಾಲೆ ಎದುರಿನ ಪೆಟ್ಟಿಗೆ ಅಂಗಡಿಯಲ್ಲಿ ಸಿಗುತ್ತಿದ್ದ ಟ್ರಂಪ್ ಕಾರ್ಡಿನ ಕಟ್ಟು, ಊಟದ ಬೆಲ್ಲು ಹೊಡೆದಾಗ ನಡೆಯುತ್ತಿದ್ದ ಅದಲು ಬದಲು, ಇವೆಲ್ಲ ಅವರ ಬಾಲ್ಯದ ಭಾಗ. ಆ ಮಕ್ಕಳು ಈಗ ಸಂಬಳ ಎಣಿಸುವ, ತೋಟ ನೋಡಿಕೊಳ್ಳುವ ವಯಸ್ಸಿಗೆ ಬಂದಿದ್ದಾರೆ. ಕೈಯಲ್ಲಿ ಫೋನಿದೆ, ಫೋನಿನೊಳಗೆ ಜಗತ್ತಿನ ಕಾರ್ಡ್ ಮಾರುಕಟ್ಟೆಯೇ ಇದೆ. ತಜ್ಞರು ಪರೀಕ್ಷಿಸಿ, ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲು ಹಾಕಿದ ಗ್ರೇಡೆಡ್ ಕಾರ್ಡು ಕಂಡರೆ ಹಳೆಯ ಆಸೆ ಮತ್ತೆ ಚಿಗುರುತ್ತದೆ. ಒಂದು ಸೆಟ್ ಶುರುವಾಗಿ ಅದು ಮುಗಿಯುವ ಮೊದಲೇ ಇನ್ನೊಂದು, ಅದರ ಬೆನ್ನಿಗೇ ಮತ್ತೊಂದು. ಕೊನೆಗೆ ಕಪಾಟಿನಲ್ಲಿ ಉಳಿಯುವುದು ನಾಲ್ಕಾರು ಅರೆಬರೆ ಸೆಟ್.

ಹಲವು ಸೆಟ್ ಒಟ್ಟಿಗೆ ಕಟ್ಟುವುದರಲ್ಲಿ ತಪ್ಪೇನೂ ಇಲ್ಲ. ನನ್ನ ಮಟ್ಟಿಗೆ ಅದೇ ಒಳ್ಳೆಯ ದಾರಿ. ಒಂದೇ ಸೆಟ್ಟಿಗೆ ಅಂಟಿಕೊಂಡವರು, ಬೇಕಾದ ಕಾರ್ಡು ಸಿಗದ ತಿಂಗಳಲ್ಲಿ ಕೈ ತಡೆಯಲಾರದೆ ಸಿಕ್ಕಿದ್ದಕ್ಕೆ ಹೆಚ್ಚು ಬೆಲೆ ಕೊಡುತ್ತಾರೆ. ಎರಡು ಮೂರು ಸೆಟ್ ಇದ್ದವರಿಗೆ ಕಾಯುವ ತಾಳ್ಮೆ ತಾನಾಗಿ ಬರುತ್ತದೆ. ಆದರೆ ಅದಕ್ಕೊಂದು ಕಟ್ಟುಪಾಡು ಬೇಕು.

1. ಕೊಳ್ಳುವ ಮೊದಲು ಬೇಲಿ ಹಾಕಿ

"ಕ್ರಿಕೆಟ್ ಕಾರ್ಡು ಕೂಡಿಸುತ್ತೇನೆ" ಎಂದು ಹೊರಟರೆ ಅದಕ್ಕೆ ಕೊನೆಯೇ ಇರುವುದಿಲ್ಲ. ಸೆಟ್ ಎನ್ನಬೇಕಾದರೆ ಅದರ ಮೊದಲ ಕಾರ್ಡು ಯಾವುದು, ಕೊನೆಯ ಕಾರ್ಡು ಯಾವುದು ಎಂದು ಕಾಗದದ ಮೇಲೆ ಬರೆದು ತೋರಿಸಲು ಬರಬೇಕು.

ಕೆಲವು ಸೆಟ್‌ಗಳಿಗೆ ಅಚ್ಚು ಹಾಕಿದವರೇ ಬೇಲಿ ಹಾಕಿರುತ್ತಾರೆ. ಇಂಗ್ಲೆಂಡಿನ ವಿಲ್ಸ್ ಕಂಪನಿ 1896ರಲ್ಲಿ ಸಿಗರೇಟು ಪೊಟ್ಟಣಗಳಲ್ಲಿ ಇಟ್ಟು ಹಂಚಿದ ಕ್ರಿಕೆಟಿಗರ ಸೆಟ್‌ನಲ್ಲಿ 50 ಕಾರ್ಡು. ಪ್ಲೇಯರ್ಸ್ ಕಂಪನಿಯ 1934ರ ಸೆಟ್ಟೂ 50, 1938ರದ್ದೂ 50. ಪಾನಿನಿಯ 2022ರ ಫುಟ್‌ಬಾಲ್ ವಿಶ್ವಕಪ್ ಆಲ್ಬಮ್ ತುಂಬಲು 670 ಸ್ಟಿಕ್ಕರ್ ಬೇಕು. ಈ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೇ ಯಾವುದು ಎಷ್ಟು ಕಾಲ ಹಿಡಿಯುತ್ತದೆ ಎಂಬ ಅಂದಾಜು ಸಿಗುತ್ತದೆ.

ಇನ್ನು ಕೆಲವು ಸೆಟ್‌ಗಳಿಗೆ ನಾವೇ ಬೇಲಿ ಹಾಕಬೇಕು. ನಮ್ಮ ಕಡೆಯವರಿಗೆ ನಾನು ಮೊದಲು ಹೇಳುವುದು ಕರ್ನಾಟಕದ ಆಟಗಾರರ ಸೆಟ್. ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್, ಕಿರ್ಮಾನಿ, ರೋಜರ್ ಬಿನ್ನಿ, ಶ್ರೀನಾಥ್, ಕುಂಬ್ಳೆ, ವೆಂಕಟೇಶ್ ಪ್ರಸಾದ್, ದ್ರಾವಿಡ್, ಕೆ.ಎಲ್. ರಾಹುಲ್ ಹೀಗೆ ಪಟ್ಟಿ ಬೆಳೆಯುತ್ತದೆ. ಇಲ್ಲಿಯೇ ನಿಯಮ ಬೇಕು. ಟೆಸ್ಟ್ ಆಡಿದವರು ಮಾತ್ರವೇ, ರಣಜಿ ಗೆಲುವಿನ ತಂಡದವರೂ ಸೇರಬೇಕೇ? ಆಟಗಾರ ಆಡುತ್ತಿದ್ದ ಕಾಲದಲ್ಲಿ ಅಚ್ಚಾದ ಕಾರ್ಡೇ ಬೇಕೇ, ನಿವೃತ್ತಿಯ ನಂತರ ಬಂದದ್ದೂ ಆದೀತೇ? ಒಬ್ಬೊಬ್ಬರಿಗೆ ಒಂದೊಂದು ಕಾರ್ಡು ಸಾಕೇ? ಪ್ರಸನ್ನ, ಚಂದ್ರಶೇಖರ್ ಆಡಿದ ಕಾಲದ ಕಾರ್ಡು ಸಿಗುವುದು ಬಹಳ ಕಷ್ಟ. "ಆಡುತ್ತಿದ್ದ ಕಾಲದ್ದೇ ಬೇಕು" ಎಂದು ಹಟ ಹಿಡಿದರೆ ಆ ಎರಡು ಮನೆಗಳು ಬಹುಕಾಲ ಖಾಲಿ ಇರುತ್ತವೆ. ಹಾಗೆ ಇರಲಿ ಎನ್ನುವವರೂ ಇದ್ದಾರೆ, ಅವರನ್ನು ನಾನು ಮೆಚ್ಚುತ್ತೇನೆ. ಯಾವುದಾದರೂ ಸರಿ, ಮೊದಲ ದಿನವೇ ತೀರ್ಮಾನವಾಗಬೇಕು. ನಡುವೆ ನಿಯಮ ಬದಲಿಸಿದರೆ ಅಲ್ಲಿಯವರೆಗೆ ಕೊಂಡದ್ದರಲ್ಲಿ ಅರ್ಧ ಸೆಟ್ಟಿನ ಹೊರಗೆ ಬೀಳುತ್ತದೆ.

2. ಮೂರು ಸೆಟ್, ಮೂರು ವೇಗ

ಇಲ್ಲಿನ ತೋಟದವರ ಅಟ್ಟದಲ್ಲಿ ಮೊನ್ನೆ ಹಾಕಿದ ಕಾಯಿ, ಅರ್ಧ ಒಣಗಿದ ಕಾಯಿ, ಅಲ್ಲಾಡಿಸಿದರೆ ಒಳಗೆ ಗಡಗಡ ಎನ್ನುವ ಕಾಯಿ ಎಲ್ಲವೂ ಒಂದೇ ಹೊತ್ತಿಗೆ ಇರುತ್ತವೆ, ಆದರೆ ಬೇರೆ ಬೇರೆ ರಾಶಿಯಲ್ಲಿ. ಯಾವ ರಾಶಿಗೆ ಯಾವಾಗ ಕೈ ಹಾಕಬೇಕೆಂದು ಮನೆಯವರಿಗೆ ಗೊತ್ತು. ಸೆಟ್‌ಗಳನ್ನೂ ಹಾಗೆಯೇ ಇಡಿ.

ಒಂದು ದೊಡ್ಡ ಸೆಟ್, ವರ್ಷಗಟ್ಟಲೆ ಕಾಲ ಬೇಡುವಂಥದ್ದು. ಒಂದು ಚಿಕ್ಕ ಸೆಟ್, ಹತ್ತು ಹನ್ನೆರಡು ಕಾರ್ಡಿನದು, ವರ್ಷದೊಳಗೆ ಮುಗಿಯುವಂಥದ್ದು. ಇನ್ನೊಂದು ಹೆಚ್ಚು ಹಣ ಬೇಡದ ಸೆಟ್, ಹಳೆಯ ಟ್ರಂಪ್ ಕಾರ್ಡು, ಗಮ್ ಕಾರ್ಡು ಇಂಥವು. ದೊಡ್ಡದು ಛಲ ಉಳಿಸುತ್ತದೆ, ಚಿಕ್ಕದು ಮುಗಿಸಿದ ತೃಪ್ತಿ ಕೊಡುತ್ತದೆ, ಮೂರನೆಯದು ಕೈ ಬಿಗಿಯಾದ ತಿಂಗಳಲ್ಲೂ ಆಸಕ್ತಿ ಆರದಂತೆ ನೋಡಿಕೊಳ್ಳುತ್ತದೆ. ನಾಲ್ಕನೆಯದು ಬೇಕೆನಿಸಿದರೆ ಮೂರರಲ್ಲಿ ಒಂದು ಮುಗಿಯಲಿ, ಇಲ್ಲವೇ ಒಂದನ್ನು ಕೈಬಿಡಿ.

3. ಎಲ್ಲ ಸೆಟ್‌ಗೂ 10 ಬೇಡ

ಅಮೆರಿಕದ ಪಿಎಸ್‌ಎ ಸಂಸ್ಥೆ 1991ರಿಂದ ಕಾರ್ಡುಗಳಿಗೆ 1ರಿಂದ 10ರವರೆಗೆ ಅಂಕ ಹಾಕುತ್ತಿದೆ. ಬೆಕೆಟ್, ಎಸ್‌ಜಿಸಿ ಕೂಡ ಇದೇ ಕೆಲಸ ಮಾಡುವ ಹೆಸರಾಂತ ಸಂಸ್ಥೆಗಳು. ಬೆಕೆಟ್‌ನವರು ನಡುವಿನ ಸಮತೋಲ, ಮೂಲೆ, ಅಂಚು, ಮೇಲ್ಮೈ ನಾಲ್ಕಕ್ಕೂ ಬೇರೆ ಬೇರೆ ಅಂಕ ಕೊಡುವ ಪದ್ಧತಿ ಬೆಳೆಸಿದರು. 10 ಸಿಕ್ಕರೆ ಹೆಮ್ಮೆ ನಿಜ, ಆದರೆ 9ಕ್ಕೂ 10ಕ್ಕೂ ನಡುವಿನ ಬೆಲೆಯ ಅಂತರ ಕೆಲವು ಕಾರ್ಡುಗಳಲ್ಲಿ ಹಲವು ಪಟ್ಟು ಇರುತ್ತದೆ. ಆ ಅಂತರದ ಹಣದಲ್ಲಿ ಇನ್ನೊಂದು ಸೆಟ್ ಅರ್ಧ ಮುಗಿಯುತ್ತದೆ.

ಆದ್ದರಿಂದ ಸೆಟ್‌ಗೊಂದು ಗುರಿ ಇಡಿ. ಈಚಿನ ಐಪಿಎಲ್ ಕಾರ್ಡುಗಳಿಗೆ 9ಕ್ಕಿಂತ ಕಡಿಮೆ ಬೇಡ. ಅವು ಪೊಟ್ಟಣದಿಂದ ನೇರವಾಗಿ ಕವರಿಗೆ ಹೋಗಿರುತ್ತವೆ, ಒಳ್ಳೆಯದು ಬೇಕಾದಷ್ಟು ಸಿಗುತ್ತದೆ. 1990ರ ದಶಕದ ವಿದೇಶಿ ಕ್ರಿಕೆಟ್ ಕಾರ್ಡಿಗೆ 8 ಸಾಕು. ನೂರು ವರ್ಷ ದಾಟಿದ ಸಿಗರೇಟು ಕಾರ್ಡಿಗೆ 3, 4 ಬಂದರೂ ಸಂತೋಷ ಪಡಬೇಕು. ಒಂದೇ ಸೆಟ್ಟಿನೊಳಗೆ ಮಾತ್ರ ಆದಷ್ಟು ಒಂದೇ ಮಟ್ಟ ಕಾಪಾಡಿ. ಒಂಬತ್ತು ಕಾರ್ಡು 9ರ ಮಟ್ಟದ್ದಾಗಿ, ಹತ್ತನೆಯದು 5ರದ್ದಾದರೆ ಕಣ್ಣು ಪ್ರತಿ ಸಲ ಅದರ ಮೇಲೇ ನಿಲ್ಲುತ್ತದೆ.

4. ದುಡ್ಡಿಗಿಂತ ಮೊದಲು ಕಣ್ಣು ಪಳಗಲಿ

ಹೆಚ್ಚಿನವರು ದಾಟಿ ಹೋಗುವ ಮೆಟ್ಟಿಲು ಇದು. ಇಲ್ಲಿ ತುಸು ನಿಲ್ಲೋಣ.

ಒಂದು ಸಾಧಾರಣ ಕಾರ್ಡು, ಬೆಲೆಯಿಲ್ಲದ್ದೇ ಆಗಲಿ, ಕೈಗೆ ತೆಗೆದುಕೊಳ್ಳಿ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡಿರಬೇಕು. ಟ್ಯೂಬ್‌ಲೈಟ್ ಆರಿಸಿ, ಟೇಬಲ್ ಲ್ಯಾಂಪು ಅಥವಾ ಫೋನಿನ ಟಾರ್ಚನ್ನು ಒಂದು ಪಕ್ಕದಲ್ಲಿ ಇಟ್ಟು, ಕಾರ್ಡನ್ನು ನಿಧಾನವಾಗಿ ಓರೆ ಮಾಡಿ. ನೇರ ಬೆಳಕಿನಲ್ಲಿ ಕನ್ನಡಿಯಂತೆ ಕಂಡ ಮೇಲ್ಮೈಯಲ್ಲಿ ಈಗ ಸಣ್ಣ ಗೀರು, ಬೆರಳಚ್ಚು, ಅಚ್ಚಿನ ಯಂತ್ರ ಎಳೆದ ತೆಳು ಗೆರೆ ಎದ್ದು ಕಾಣುತ್ತವೆ. ಇನ್ನು ಮೂಲೆ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿಯಲ್ಲಿ ನಾಲ್ಕೂ ಮೂಲೆ ನೋಡಿ. ಹೊಸ ಕಾರ್ಡಿನ ಮೂಲೆ ಚೂಪಾಗಿರುತ್ತದೆ. ಒಮ್ಮೆ ಮೇಜಿಗೆ ತಾಗಿದ್ದರೂ ಬಣ್ಣ ಎದ್ದು ಒಳಗಿನ ಬಿಳಿ ಕಾಗದ ಸಾಸಿವೆ ಕಾಳಿನ ತುದಿಯಷ್ಟು ಇಣುಕುತ್ತದೆ. ಗಾಢ ಬಣ್ಣದ ಅಂಚಿದ್ದರೆ ಈ ಬಿಳಿ ಬರಿಗಣ್ಣಿಗೇ ಕಾಣುತ್ತದೆ. ಬಿಳಿ ಅಂಚಿದ್ದರೆ ಮೋಸ ಹೋಗುವುದು ಸುಲಭ.

ಆಮೇಲೆ ಅಳತೆ. ಈಗಿನ ಕಾರ್ಡುಗಳ ಸಾಮಾನ್ಯ ಗಾತ್ರ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಎತ್ತರ. ಟಾಪ್ಸ್ ಕಂಪನಿ 1957ರಲ್ಲಿ ಈ ಅಳತೆಗೆ ಬಂದ ಮೇಲೆ ಉಳಿದವರೂ ಇದನ್ನೇ ಹಿಡಿದರು. ಚಿತ್ರದ ಎಡಗಡೆಯ ಬಿಳಿ ಅಂಚನ್ನೂ ಬಲಗಡೆಯದನ್ನೂ ಸ್ಕೇಲಿನಿಂದ ಅಳೆಯಿರಿ. ಎಡಕ್ಕೆ 2 ಮಿಲಿಮೀಟರ್, ಬಲಕ್ಕೆ 3 ಇದ್ದರೆ ಒಟ್ಟು 5ರಲ್ಲಿ ಪಾಲು 40 ಮತ್ತು 60. ಪಿಎಸ್‌ಎ 10 ಕೊಡಬೇಕಾದರೆ ಮುಂಭಾಗ ಸುಮಾರು 55–45ರೊಳಗೆ ಇರಬೇಕು. ಅಂದರೆ ಮೂಲೆ ಎಷ್ಟೇ ಚೂಪಾಗಿದ್ದರೂ ಈ ಕಾರ್ಡಿಗೆ 10 ಬರುವುದಿಲ್ಲ. ಒಂದು ಮಿಲಿಮೀಟರಿನ ವ್ಯತ್ಯಾಸವನ್ನು ಮನೆಯಲ್ಲೇ ಕಂಡುಕೊಂಡಿರಿ, ಒಂದು ಪೈಸೆ ಖರ್ಚಿಲ್ಲದೆ.

ಕಾರ್ಡಿನ ಹಿಂಬದಿಯನ್ನೂ ಹೀಗೇ ನೋಡಿ, ನಿಮ್ಮ ಅಂಕ ಪೆನ್ಸಿಲಿನಲ್ಲಿ ಬರೆದಿಡಿ. ಗ್ರೇಡ್ ಆಗಿರುವ ಕಾರ್ಡುಗಳ ದೊಡ್ಡ ಫೋಟೊ ಹುಡುಕಿ, ಅಂಕವನ್ನು ಬೆರಳಿನಿಂದ ಮುಚ್ಚಿ, ಮೊದಲು ನೀವೇ ಅಂಕ ಹೇಳಿ, ಆಮೇಲೆ ಬೆರಳು ತೆಗೆಯಿರಿ. ಕೆಲವು ವಾರ ಹೀಗೆ ಮಾಡಿದವರ ಕಣ್ಣಿಗೂ ಮಾಡದವರ ಕಣ್ಣಿಗೂ ಅಜಗಜಾಂತರ. ಎಪಿಎಂಸಿ ಅಂಗಳದಲ್ಲಿ ಉಂಡೆ ಕೊಬ್ಬರಿಯ ಗಾತ್ರ, ಬಣ್ಣ, ಒಣಗು ನೋಡಿ ಬೆಲೆ ಕಟ್ಟುವವರನ್ನು ನೋಡುತ್ತಾ ಬೆಳೆದವರಿಗೆ ಈ ವಿದ್ಯೆ ಬೇಗ ಒಲಿಯುತ್ತದೆ ಎಂದು ನನ್ನ ದೃಢ ನಂಬಿಕೆ.

5. ಡಬ್ಬಿಯ ಮೇಲಿನ ಅಂಕಿಯನ್ನೇ ಕೊಳ್ಳಬೇಡಿ

ಹೋನಸ್ ವ್ಯಾಗ್ನರ್ ಅಮೆರಿಕದ ಬೇಸ್‌ಬಾಲ್ ಆಟಗಾರ. 1909ರಿಂದ 1911ರವರೆಗೆ ತಂಬಾಕು ಪೊಟ್ಟಣಗಳಲ್ಲಿ ಬಂದ ಟಿ206 ಸೆಟ್ಟಿನಲ್ಲಿ ಅವನ ಕಾರ್ಡು ಬಹಳ ಅಪರೂಪ. ಅದರ ಒಂದು ಪ್ರತಿಯನ್ನು 1991ರಲ್ಲಿ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್‌ಕಿ ಮತ್ತು ಅವನ ಜೊತೆಗಾರ 4,51,000 ಡಾಲರಿಗೆ ಕೊಂಡರು. ಪಿಎಸ್‌ಎ ಮೊಟ್ಟಮೊದಲು ಗ್ರೇಡ್ ಮಾಡಿದ ಕಾರ್ಡೇ ಅದು, ಕೊಟ್ಟ ಅಂಕ 8. 2007ರಲ್ಲಿ 28 ಲಕ್ಷ ಡಾಲರಿಗೆ ಮಾರಾಟವಾಯಿತು. 2013ರಲ್ಲಿ ಬಿಲ್ ಮಾಸ್ಟ್ರೊ ಎಂಬ ಹೆಸರಾಂತ ವ್ಯಾಪಾರಿ, ಆ ಕಾರ್ಡಿನ ಅಂಚನ್ನು ತಾನೇ ಕತ್ತರಿಸಿ ನೇರ ಮಾಡಿದ್ದೆ ಎಂದು ಒಪ್ಪಿಕೊಂಡ.

ಜಗತ್ತಿನ ಅತಿ ಹೆಸರುವಾಸಿ ಕಾರ್ಡಿಗೇ ಹೀಗಾದ ಮೇಲೆ ನಾವು ಕೊಳ್ಳುವ ಕಾರ್ಡನ್ನು ಕಣ್ಣು ಮುಚ್ಚಿ ನಂಬುವುದು ಹೇಗೆ? ಅಂಕ ಒಬ್ಬ ತಿಳಿದವನ ಅಭಿಪ್ರಾಯ, ಅಷ್ಟಕ್ಕೆ ಅದಕ್ಕೆ ಬೆಲೆ ಇದೆ. ಒಂದೇ 8ರ ಡಬ್ಬಿಯೊಳಗೆ ಮನ ಸೆಳೆಯುವ ಕಾರ್ಡೂ ಇರುತ್ತದೆ, ಮಂಕಾದದ್ದೂ ಇರುತ್ತದೆ. ಎರಡರ ಬೆಲೆಯೂ ಒಂದೇ ಇದ್ದಾಗ ಕಣ್ಣು ಪಳಗಿದವರು ಗೆಲ್ಲುತ್ತಾರೆ. ಡಬ್ಬಿಯ ಮೇಲಿನ ನಂಬರನ್ನು ಗ್ರೇಡಿಂಗ್ ಸಂಸ್ಥೆಯ ಪಟ್ಟಿಯಲ್ಲಿ ಹಾಕಿ, ಅಲ್ಲಿ ಬರುವ ವಿವರಕ್ಕೂ ಕೈಯಲ್ಲಿರುವ ಕಾರ್ಡಿಗೂ ತಾಳೆ ನೋಡದೆ ಹಣ ಕೊಡಬೇಡಿ. ಡಬ್ಬಿಯನ್ನೇ ನಕಲು ಮಾಡುವವರೂ ಇದ್ದಾರೆ.

6. ಎಲ್ಲವನ್ನೂ ಗ್ರೇಡಿಂಗಿಗೆ ಕಳಿಸಬೇಡಿ

ಹತ್ತಿಪ್ಪತ್ತು ರೂಪಾಯಿ ಬೆಲೆಯ ಕಾರ್ಡನ್ನು ಅಮೆರಿಕಕ್ಕೆ ಕಳಿಸಿ, ಶುಲ್ಕ, ಸಾಗಣೆ, ವಿಮೆ, ಸುಂಕ ಎಲ್ಲ ಸೇರಿ ಸಾವಿರಾರು ರೂಪಾಯಿ ತೆತ್ತು ತರಿಸಿಕೊಂಡರೆ ಅಂಕ 10 ಬಂದರೂ ಲೆಕ್ಕ ಹೊಂದುವುದಿಲ್ಲ. ಕಾರ್ಡಿನ ಬೆಲೆ, ಒಳ್ಳೆಯ ಅಂಕ ಬಂದರೆ ಸಿಗುವ ಬೆಲೆ, ಒಂದು ಅಂಕ ಕಡಿಮೆಯಾದರೆ ಸಿಗುವ ಬೆಲೆ ಮೂರನ್ನೂ ಬರೆದು, ಮೂರನೆಯದರಲ್ಲೂ ಕೈ ಸುಡದಿದ್ದರೆ ಮಾತ್ರ ಕಳಿಸಿ. ಮನಸ್ಸಿಗೆ ತೀರಾ ಹತ್ತಿರವಾದ ಒಂದೆರಡು ಕಾರ್ಡಿಗೆ ಈ ಲೆಕ್ಕ ಬೇಡ, ಅದು ಬೇರೆ ಮಾತು.

ಒಂದೇ ಸಲ ಮೂರೂ ಸೆಟ್ಟಿನ ಕಾರ್ಡು ಕಟ್ಟಿ ಕಳಿಸುವುದು ಇನ್ನೊಂದು ಅಪಾಯ. ಕೊರೊನಾ ಕಾಲದಲ್ಲಿ ಕಾರ್ಡುಗಳ ರಾಶಿ ಬಂದು ಬಿದ್ದು, 2021ರ ಮಾರ್ಚ್ ಕೊನೆಯಲ್ಲಿ ಪಿಎಸ್‌ಎ ತನ್ನ ಅಗ್ಗದ ದರದ ಸೇವೆಗಳನ್ನೆಲ್ಲ ನಿಲ್ಲಿಸಬೇಕಾಯಿತು. ಆಗಾಗಲೇ ಕಳಿಸಿದ್ದವರು ಕಾಯುತ್ತಾ ಕುಳಿತರು. 2025ರ ಆಗಸ್ಟ್‌ನಲ್ಲಿ ಅಮೆರಿಕ 800 ಡಾಲರ್‌ವರೆಗಿನ ಸಾಮಾನಿಗಿದ್ದ ಸುಂಕ ವಿನಾಯಿತಿ ತೆಗೆದಾಗ ನಮ್ಮ ಅಂಚೆ ಇಲಾಖೆ ಅಲ್ಲಿಗೆ ಹೋಗುವ ಹೆಚ್ಚಿನ ಪಾರ್ಸೆಲ್‌ಗಳನ್ನು ಕೆಲಕಾಲ ನಿಲ್ಲಿಸಿತ್ತು. ದೂರದ ದೇಶದ ಒಂದು ತೀರ್ಮಾನ ತಿಪಟೂರಿನ ಸಂಗ್ರಹಕಾರರನ್ನೂ ತಟ್ಟುತ್ತದೆ. ಸೆಟ್ಟಿಗೆ ಎರಡು ಮೂರು ಕಾರ್ಡಿನಂತೆ, ಸರದಿಯ ಮೇಲೆ ಕಳಿಸಿ. ಉಳಿದ ಕಾರ್ಡುಗಳು ಒಳ್ಳೆಯ ಕವರಿನಲ್ಲಿ ಹಾಗೇ ಇರಲಿ. ಈಗಾಗಲೇ ಗ್ರೇಡ್ ಆಗಿ ಭಾರತದೊಳಗೇ ಇರುವ ಕಾರ್ಡು ಸಿಕ್ಕರೆ ತುಸು ಹೆಚ್ಚು ಕೊಟ್ಟಾದರೂ ಅದನ್ನೇ ಕೊಳ್ಳಿ.

7. ಕಷ್ಟದ ಕಾರ್ಡಿಗೆ ಮೊದಲ ಕೈ

ಸುಲಭದ ಕಾರ್ಡು ಯಾವತ್ತೂ ಸಿಗುತ್ತದೆ. ಪಟ್ಟಿಯಲ್ಲಿ ಯಾವ ಎರಡು ಕಾರ್ಡು ಸೆಟ್ಟನ್ನು ಕೊನೆಗೆ ಕಟ್ಟಿ ಹಾಕುತ್ತವೆ ಎಂದು ಶುರುವಿನಲ್ಲೇ ಗುರುತಿಸಿ, ಅವುಗಳ ಹಿಂದೆ ಬೀಳಿ. ಅವು ಕೈಗೆ ಎಟುಕುವುದೇ ಇಲ್ಲ ಎಂದು ಗೊತ್ತಾದರೆ ಇನ್ನೂ ಹೆಚ್ಚು ಖರ್ಚಾಗುವ ಮೊದಲೇ ಬೇಲಿ ಬದಲಿಸಬಹುದು. ಸೆಟ್ಟಿನ ನಿಯಮ ತಿದ್ದಲು ನಾನು ಒಪ್ಪುವ ಒಂದೇ ಸಂದರ್ಭ ಇದು.

8. ಅಟ್ಟದ ಮೇಲೆ ಇಡಬೇಡಿ

ಈ ಸೂತ್ರ ನಮ್ಮ ಸೀಮೆಗೇ ಬರೆದದ್ದು.

ಉಂಡೆ ಕೊಬ್ಬರಿ ಮಾಡುವ ಮನೆಗಳಲ್ಲಿ ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಎಂಟು ತಿಂಗಳಿಂದ ವರ್ಷದವರೆಗೆ ಬಿಡುತ್ತಾರೆ. ಕೆಳಗಿನಿಂದ ಹೊಗೆ, ಮೇಲಿನಿಂದ ಹೆಂಚಿನ ಕಾವು. ಕಾಯಿಗೆ ಅದು ಬೇಕು, ಕಾಗದಕ್ಕೆ ಅದೇ ಕಂಟಕ. ಬಿಸಿಲಿನ ತಿಂಗಳುಗಳಲ್ಲಿ ಕಾರ್ಡು ಬಾಗುತ್ತದೆ, ಹೊಗೆಯಿಂದ ಬಿಳಿ ಅಂಚು ಹಳದಿಗೆ ತಿರುಗುತ್ತದೆ. ಇಲಿ, ಹುಳು, ಕೊಬ್ಬರಿಯ ಜಿಡ್ಡು ಎಲ್ಲವೂ ಅಲ್ಲಿರುತ್ತವೆ. "ಹಳೆಯ ಟ್ರಂಕು ಅಟ್ಟದ ಮೇಲಿದೆ, ಅದರಲ್ಲೇ ಇಡೋಣ" ಎಂದು ಮನೆಯವರು ಹೇಳಿದರೂ ಒಪ್ಪಬೇಡಿ.

ಒಳಗೋಡೆಗೆ ಒರಗಿದ ಕಬ್ಬಿಣದ ಬೀರು ಎಲ್ಲಕ್ಕಿಂತ ಮೇಲು. ಬಚ್ಚಲ ಗೋಡೆ, ಮಳೆ ನೀರು ಬಡಿಯುವ ಹೊರಗೋಡೆ ಬೇಡ. ಕೆಳಗಿನ ಅರೆ ಬೇಡ, ಗೆದ್ದಲು ಮೊದಲು ಬರುವುದು ಅಲ್ಲಿಗೇ. ಮರದ ಪೆಟ್ಟಿಗೆಯೇ ಇದ್ದರೆ ನೆಲಕ್ಕೆ ತಾಗದಂತೆ ಎತ್ತರದಲ್ಲಿಡಿ. ಕಾಗದಕ್ಕೆ ಹಿತವಾದ ತೇವಾಂಶ ಶೇ 40ರಿಂದ 50ರ ಆಸುಪಾಸು. ಅಂಗೈಯಗಲದ ತೇವಮಾಪಕ ಒಂದು ಪೆಟ್ಟಿಗೆಯೊಳಗೆ ಇರಲಿ. ಮಳೆಗಾಲದಲ್ಲಿ ಅದರ ಮುಳ್ಳು ಮೇಲೇರಿದಾಗ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ನೀರು ಹೀರಿ ಬಣ್ಣ ಬದಲಾದ ಮೇಲೆ ಒಣಗಿಸಿ ಮತ್ತೆ ಬಳಸಿ. ಬೇವಿನೆಲೆ ಒಳ್ಳೆಯದೆಂದು ಹಸಿ ಎಲೆ ತುಂಬಬೇಡಿ, ಅದು ತೇವವನ್ನೇ ತರುತ್ತದೆ. ನುಸಿಗುಳಿಗೆಯನ್ನೂ ಕಾರ್ಡಿನ ಜೊತೆ ಇಡಬೇಡಿ, ಅದರ ಆವಿ ಪ್ಲಾಸ್ಟಿಕ್ಕಿಗೆ ಒಳ್ಳೆಯದಲ್ಲ.

ಡಬ್ಬಿಯೊಳಗಿನ ಕಾರ್ಡಿಗೆ ಏನೂ ಆಗುವುದಿಲ್ಲ ಎಂಬ ನಂಬಿಕೆ ಬಹಳ ಜನಕ್ಕಿದೆ. ಆ ಡಬ್ಬಿ ಪೆಟ್ಟು ತಡೆಯುತ್ತದೆ, ಬೆರಳು ತಡೆಯುತ್ತದೆ. ಗಾಳಿಯ ತೇವವನ್ನಾಗಲಿ ನೀರನ್ನಾಗಲಿ ಪೂರ್ತಿ ತಡೆಯುವುದಿಲ್ಲ. ಬಿಸಿಲು ಬೀಳುವ ಗೋಡೆಗೆ ಸಾಲಾಗಿ ನೇತು ಹಾಕಿದರೆ ಒಳಗಿನ ಬಣ್ಣ ಮಾಸುತ್ತದೆ. ಡಬ್ಬಿ ಹಾಕದ ಕಾರ್ಡುಗಳಿಗೆ ಪಿವಿಸಿ ಕವರು ಬಿಟ್ಟು ಪಾಲಿಪ್ರೊಪಿಲೀನ್ ಕವರು ಕೇಳಿ ತರಿಸಿ. ಫ್ಯಾನ್ಸಿ ಸ್ಟೋರಿನ ಮೆತ್ತಗಿನ, ವಾಸನೆ ಬರುವ ಆಲ್ಬಮ್ ಕೆಲವೇ ವರ್ಷಗಳಲ್ಲಿ ಅಂಟಂಟಾಗಿ ಕಾರ್ಡಿನ ಮೇಲ್ಮೈಯನ್ನೇ ಎಬ್ಬಿಸುತ್ತದೆ.

ಇನ್ನೊಂದು ಮಾತು. ಕಾಯಿ ಸುಲಿದ, ಕೊಬ್ಬರಿ ಮುಟ್ಟಿದ ಕೈಯಲ್ಲಿ ಆ ಹೊತ್ತು ಕಾರ್ಡು ತೆಗೆಯಬೇಡಿ. ಸೋಪು ಹಾಕಿ ತೊಳೆದ ಮೇಲೂ ಉಗುರಿನ ಸಂದಿಯಲ್ಲಿ ಎಣ್ಣೆ ಉಳಿದಿರುತ್ತದೆ. ಎಣ್ಣೆ ಕುಡಿದ ಕಾಗದವನ್ನು ಸರಿಮಾಡುವುದು ಆಗದ ಕೆಲಸ.

9. ಕೊಬ್ಬರಿ ಬೆಲೆಯ ಜೊತೆ ಕಾರ್ಡಿನ ಖರ್ಚು ಏರಿಳಿಯಬಾರದು

2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12,100 ರೂಪಾಯಿ ಬೆಂಬಲ ಬೆಲೆ ಇಟ್ಟಿತ್ತು. ಆ ವರ್ಷ ಮಾರುಕಟ್ಟೆಯ ಬೆಲೆ ಅದನ್ನು ಎಷ್ಟೋ ಮೇಲಕ್ಕೆ ದಾಟಿತು. ಅದಕ್ಕೆ ಕೆಲವೇ ಕಾಲದ ಹಿಂದೆ ಬೆಂಬಲ ಬೆಲೆಯೂ ಗಿಟ್ಟದೆ ರೈತರು ಬೀದಿಗಿಳಿದಿದ್ದನ್ನೂ ನಾವು ನೋಡಿದ್ದೇವೆ. ಇಂಥ ಏರಿಳಿತದ ಊರಿನಲ್ಲಿ, ಬೆಲೆ ಬಂದ ವರ್ಷ ಮೂರು ಸೆಟ್ಟಿಗೂ ಒಟ್ಟಿಗೆ ಹಣ ಸುರಿದವರು ಬೆಲೆ ಬಿದ್ದ ವರ್ಷ ಅವೇ ಕಾರ್ಡುಗಳನ್ನು ಸಿಕ್ಕ ಬೆಲೆಗೆ ಮಾರುತ್ತಾರೆ. ಆ ಹೊತ್ತಿಗೆ ಕೊಳ್ಳುವವರು ಕಡಿಮೆ.

ಬೆಲೆ ಬಿದ್ದ ವರ್ಷವೂ ನೋವಾಗದಂತೆ ತೆಗೆದಿಡಬಹುದಾದ ಮೊತ್ತ ಎಷ್ಟೋ ಅಷ್ಟನ್ನೇ ತಿಂಗಳಿನ ಕಾರ್ಡಿನ ಹಣ ಎಂದು ನಿಗದಿ ಮಾಡಿ. ಬೆಲೆ ಏರಿದ ವರ್ಷದ ಹೆಚ್ಚಿನ ಹಣಕ್ಕೆ ತೋಟದಲ್ಲೇ ಬೇಕಾದಷ್ಟು ಕೆಲಸವಿದೆ: ಕೊಳವೆಬಾವಿ, ಗೊಬ್ಬರ, ಸತ್ತ ಮರದ ಜಾಗಕ್ಕೆ ಹೊಸ ಸಸಿ. ನಿಗದಿಯಾದ ಮೊತ್ತದಲ್ಲಿ ಅರ್ಧ ದೊಡ್ಡ ಸೆಟ್ಟಿಗೆ, ಉಳಿದ ಅರ್ಧದಲ್ಲಿ ಹೆಚ್ಚಿನ ಪಾಲು ಚಿಕ್ಕ ಸೆಟ್ಟಿಗೆ, ಮಿಕ್ಕಿದ್ದು ಮೂರನೆಯ ಸೆಟ್ಟಿಗೆ, ಕವರು, ಡಬ್ಬಿ, ಅಂಚೆ ಖರ್ಚಿಗೆ. ಬೇಕಾದ ಕಾರ್ಡು ಸಿಗದ ತಿಂಗಳಲ್ಲಿ ಹಣ ಹಾಗೇ ಮುಂದಿನ ತಿಂಗಳಿಗೆ ಹೋಗಲಿ, ಬೇರೆ ಸೆಟ್ಟಿಗೆ ಹರಿಯಬಾರದು. ಕಾರ್ಡಿಗಾಗಿ ಸಾಲ, ಕಂತು ಎರಡೂ ಬೇಡ.

10. ಗೆಲುವಿನ ವಾರ ಕೊಳ್ಳಬೇಡಿ

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ ಮೊದಲ ಬಾರಿ ಐಪಿಎಲ್ ಗೆದ್ದಿತು. ಹದಿನೆಂಟನೆಯ ಆವೃತ್ತಿಗೆ ಬಂದ ಗೆಲುವು, ಸಂತೋಷಕ್ಕೆ ಮಿತಿಯೇ ಇರಲಿಲ್ಲ. ಅಂಥ ವಾರದಲ್ಲಿ ಎಲ್ಲರಿಗೂ ಒಂದೇ ಕಾರ್ಡು ಬೇಕಾಗುತ್ತದೆ, ಮಾರುವವರಿಗೂ ಅದು ಗೊತ್ತು. ಆರ್‌ಸಿಬಿ ಸೆಟ್ ಕಟ್ಟುವವರು ತಂಡ ಆಡದ ಮಳೆಗಾಲದ ತಿಂಗಳುಗಳಲ್ಲಿ, ತಂಡ ಸತತ ಸೋತ ವಾರಗಳಲ್ಲಿ ಕೊಳ್ಳಲಿ. ನಿವೃತ್ತರ ಕಾರ್ಡಿಗೆ ಈ ತೊಂದರೆ ಕಡಿಮೆ. 1999ರ ಫೆಬ್ರವರಿ 7ರಂದು ಕುಂಬ್ಳೆ ದೆಹಲಿಯಲ್ಲಿ 74 ರನ್ ಕೊಟ್ಟು ಹತ್ತೂ ವಿಕೆಟ್ ಕಿತ್ತ ಸಾಧನೆ ಇನ್ನು ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ.

11. ಒಂದು ನೋಟ್ ಪುಸ್ತಕ

ಸೆಟ್ಟಿಗೆ ಒಂದು ವಿಭಾಗ. ಕಾರ್ಡಿನ ನಂಬರು, ಗ್ರೇಡು, ಡಬ್ಬಿಯ ನಂಬರು, ಕೊಂಡ ದಿನ, ಬೆಲೆ, ಯಾರಿಂದ ಬಂತು. ಬೇಕಾದ ಕಾರ್ಡುಗಳ ಪಟ್ಟಿ ಫೋನಿನಲ್ಲೂ ಇರಲಿ, ಇಲ್ಲದಿದ್ದರೆ ಇದ್ದದ್ದನ್ನೇ ಮತ್ತೆ ಕೊಳ್ಳುತ್ತೀರಿ. ಪುಸ್ತಕ ಎಲ್ಲಿದೆ ಎಂದು ಮನೆಯಲ್ಲಿ ಇನ್ನೊಬ್ಬರಿಗೆ ತಿಳಿದಿರಬೇಕು, ಯಾವ ಕಾರ್ಡಿಗೆ ಬೆಲೆ ಇದೆ ಎಂಬುದೂ.

12. ಎರಡನೆಯ ಪ್ರತಿಯೇ ನಿಮ್ಮ ಬಂಡವಾಳ

ಹಲವು ಸೆಟ್ ಕಟ್ಟುವವರ ಬಳಿ ಡೂಪ್ಲಿಕೇಟ್ ಬೇಗ ಸೇರುತ್ತದೆ. ಅದನ್ನು ಮೂಲೆಗೆ ಹಾಕಬೇಡಿ. ತುರುವೇಕೆರೆಯವರ ಎರಡನೆಯ ಪ್ರತಿ ಹುಳಿಯಾರಿನವರಿಗೆ ಬೇಕಾದ ಕಾರ್ಡಾಗಿರಬಹುದು. ಹಣದ ವ್ಯವಹಾರಕ್ಕಿಂತ ಅದಲು ಬದಲಿನಲ್ಲಿ ಸ್ನೇಹವೂ ಬೆಳೆಯುತ್ತದೆ, ತಿಳಿವಳಿಕೆಯೂ ಬೆಳೆಯುತ್ತದೆ. ಮುಖ ನೋಡದ ದೂರದವರೊಡನೆ ವ್ಯವಹಾರವಾದರೆ ಕಾರ್ಡನ್ನು ಓರೆ ಬೆಳಕಿನಲ್ಲಿ ತಿರುಗಿಸಿ ತೋರಿಸುವ ವಿಡಿಯೊ ಕೇಳಿ. ಕೊಡಲು ಹಿಂದೆಮುಂದೆ ನೋಡುವವರನ್ನು ಅಲ್ಲಿಗೇ ಬಿಡಿ. ಕಳಿಸುವಾಗ ಕಾರ್ಡನ್ನು ಮೆತ್ತನೆಯ ಕವರಿಗೆ, ಆಮೇಲೆ ಗಟ್ಟಿ ಹೋಲ್ಡರಿಗೆ, ಅದರ ಎರಡೂ ಬದಿಗೆ ರಟ್ಟು. ಕಾರ್ಡಿಗೆ ನೇರವಾಗಿ ಟೇಪು ತಾಗಬಾರದು.

13. ಮೂರರಲ್ಲಿ ಒಂದು ಸೆಟ್ ಅಂಚೆ ಚೀಟಿಯದಿರಲಿ

ಕಾರ್ಡಿನವರು ಅಂಚೆ ಚೀಟಿಯ ಕಡೆ ತಿರುಗಿ ನೋಡುವುದಿಲ್ಲ, ನನಗೆ ಅದು ಬೇಸರದ ಸಂಗತಿ. ಭಾರತದಲ್ಲಿ ಅಚ್ಚುಕಟ್ಟಾಗಿ ಅಚ್ಚಾದ, ದಿನಾಂಕ ದಾಖಲಾದ, ಸಾಮಾನ್ಯರ ಕೈಗೆ ಎಟುಕುವ ಬೆಲೆಯ ಕ್ರೀಡಾ ಸಂಗ್ರಹ ಬೇಕೆಂದರೆ ಅದು ಅಂಚೆ ಚೀಟಿಯಲ್ಲೇ ಇದೆ.

1971ರಲ್ಲಿ ಭಾರತ ವೆಸ್ಟ್ ಇಂಡೀಸನ್ನೂ ಇಂಗ್ಲೆಂಡನ್ನೂ ಅವರವರ ನೆಲದಲ್ಲೇ ಸೋಲಿಸಿದ ನೆನಪಿಗೆ 20 ಪೈಸೆಯ ಚೀಟಿ ಬಂತು. ಓವಲ್‌ನಲ್ಲಿ ಇಂಗ್ಲೆಂಡಿನ ಬೆನ್ನು ಮುರಿದದ್ದು ಚಂದ್ರಶೇಖರ್ ಅವರ 38ಕ್ಕೆ 6 ವಿಕೆಟ್. ಹಾಗಾಗಿ ಕರ್ನಾಟಕದ ಸೆಟ್ಟಿನಲ್ಲಿ ಚಂದ್ರಶೇಖರ್ ಕಾರ್ಡಿನ ಖಾಲಿ ಮನೆಯ ಪಕ್ಕ ಈ ಚೀಟಿಯನ್ನು ಇಟ್ಟರೆ ತಪ್ಪೇನಿಲ್ಲ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಚೀಟಿಗಳೇ ಒಂದು ಚಿಕ್ಕ ಸೆಟ್. 1996ರಲ್ಲಿ ಸಿ.ಕೆ. ನಾಯುಡು, ದೇವಧರ್, ವಿಜಯ್ ಮರ್ಚೆಂಟ್, ವಿನೂ ಮಂಕಡ್ ನಾಲ್ವರ ಚೀಟಿಗಳು ಒಟ್ಟಿಗೆ ಬಂದವು. 2013ರ ನವೆಂಬರ್ 14ರಂದು ಸಚಿನ್ ಅವರ 200ನೇ ಟೆಸ್ಟ್ ಶುರುವಾದ ದಿನ ಅವರ ಚೀಟಿ ಹೊರಬಂತು.

ಕಾರ್ಡಿನಲ್ಲಿ ಪಳಗಿದ ಕಣ್ಣು ಇಲ್ಲೂ ಉಪಯೋಗಕ್ಕೆ ಬರುತ್ತದೆ. ಚಿತ್ರ ನಡುವಿನಲ್ಲಿದೆಯೇ, ಹಲ್ಲುಗಳು ಮುರಿಯದೆ ಇವೆಯೇ, ಹಿಂಬದಿಯ ಗೋಂದು ಹಾಗೇ ಇದೆಯೇ, ಕಂದು ಚುಕ್ಕೆ ಬಿದ್ದಿದೆಯೇ ನೋಡಿ. ಆ ಕಂದು ಚುಕ್ಕೆ ನಮ್ಮ ಮಳೆಗಾಲದ ಕೊಡುಗೆ. ಬೆರಳಿನಿಂದ ಎತ್ತದೆ ಚಿಮಟದಿಂದಲೇ ಎತ್ತಿ.

ಹೊಸ ಚೀಟಿಗಳಿಗಾಗಿ ಬೆಂಗಳೂರಿಗೆ ಓಡಾಡಬೇಕಾಗಿಯೂ ಇಲ್ಲ. ಕನಿಷ್ಠ 200 ರೂಪಾಯಿ ಕಟ್ಟಿ ಅಂಚೆ ಇಲಾಖೆಯಲ್ಲಿ ಫಿಲಾಟೆಲಿ (ಅಂಚೆ ಚೀಟಿ ಸಂಗ್ರಹ) ಠೇವಣಿ ಖಾತೆ ತೆರೆದರೆ ಅವು ಮನೆಗೇ ಬರುತ್ತವೆ, ಬೆಲೆ ಖಾತೆಯಿಂದ ಕಳೆದುಹೋಗುತ್ತದೆ. ಹಳೆಯವಕ್ಕಾಗಿ ಬೆಂಗಳೂರು ಜಿಪಿಒದ ಫಿಲಾಟೆಲಿ ಬ್ಯೂರೊ, ಕರ್ನಾಪೆಕ್ಸ್ ಪ್ರದರ್ಶನ ನಡೆಯುವ ವರ್ಷಗಳಲ್ಲಿ ಅಲ್ಲಿಗೆ ಬರುವ ವ್ಯಾಪಾರಿಗಳು ಇದ್ದಾರೆ. ಮನೆಯಲ್ಲಿ 6ರಿಂದ 9ನೇ ತರಗತಿಯೊಳಗಿನ ಮಕ್ಕಳಿದ್ದರೆ ಅಂಚೆ ಇಲಾಖೆಯ ದೀನ್ ದಯಾಳ್ ಸ್ಪರ್ಶ್ ಯೋಜನೆಯ ಬಗ್ಗೆ ಕೇಳಿ. 2017ರಲ್ಲಿ ಶುರುವಾದ ಈ ಯೋಜನೆಯಲ್ಲಿ ಅಂಚೆ ಚೀಟಿ ಸಂಗ್ರಹದಲ್ಲಿ ಆಸಕ್ತಿಯಿರುವ, ಓದಿನಲ್ಲೂ ಚೆನ್ನಾಗಿರುವ ಮಕ್ಕಳನ್ನು ಆರಿಸಿ ವರ್ಷಕ್ಕೆ 6,000 ರೂಪಾಯಿ ಕೊಡುತ್ತಾರೆ. ಶಾಲೆಯಲ್ಲಿ ಫಿಲಾಟೆಲಿ ಕ್ಲಬ್ ಇರಬೇಕು, ಇಲ್ಲದಿದ್ದರೆ ಮಗುವಿನ ಹೆಸರಿನಲ್ಲೇ ಠೇವಣಿ ಖಾತೆ ಇದ್ದರೂ ಸಾಕು. ಹಾಗಾಗಿ ಖಾತೆ ತೆರೆಯುವಾಗ ಮಗುವಿನ ಹೆಸರಿನಲ್ಲೇ ತೆರೆಯಿರಿ.